ಬಾಡಿಗೆ ಇಲ್ಲದ ಮನೆ, ಸೋರುವ ಮಾಡು



ಬಾಡಿಗೆ ಮನೆಯಲ್ಲಿ ನಲ್ಲಿ ಕೆಟ್ಟರೆ ಏನಾಗುತ್ತದೆ ಎಂದು ನಿಮಗೆಲ್ಲ ಗೊತ್ತು. ಮಾಲೀಕರಿಗೆ ಫೋನ್ ಹೋಗುತ್ತದೆ. "ನಾಳೆ ಪ್ಲಂಬರ್ ಕಳಿಸ್ತೀನಿ" ಅನ್ನುತ್ತಾರೆ. ಆ ನಾಳೆ ಬರುವುದು ನಾಲ್ಕು ದಿನ ಬಿಟ್ಟು. ಮತ್ತೆ ಫೋನು, ಒಂದಿಷ್ಟು ಬಿಸಿ ಮಾತು. ಕೊನೆಗೆ ಅವರು ಸರಿಮಾಡಿಸುತ್ತಾರೆ, ಇಲ್ಲವೇ ಬಾಡಿಗೆಗೆ ಇರುವವರೇ ಮಾಡಿಸಿ ಮುಂದಿನ ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಜಗಳವೇನೋ ಹೌದು. ಆದರೆ ಯಾರು ಯಾರಿಗೆ ಎಷ್ಟು ಕೊಡುತ್ತಿದ್ದಾರೆ ಎನ್ನುವುದು ಇಬ್ಬರಿಗೂ ಗೊತ್ತಿರುವುದರಿಂದ ಆ ಜಗಳಕ್ಕೆ ಒಂದು ತುದಿ ಇರುತ್ತದೆ.

ಅದೇ ನಲ್ಲಿ ಅಣ್ಣನ ಮನೆಯಲ್ಲಿ, ಸೋದರಮಾವನ ಮನೆಯಲ್ಲಿ, ದೊಡ್ಡಮ್ಮನ ಮನೆಯಲ್ಲಿ ಕೆಟ್ಟರೆ? ನೀವು ಅಲ್ಲಿ ಬಾಡಿಗೆ ಕೊಡದೆ ಇದ್ದೀರಿ. ಫೋನ್ ಮಾಡೋಣವೆಂದರೆ ಬಾಯಿ ಬರುವುದಿಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರು ಎಂದು ಯಾರಾದರೂ ಅಂದಾರು ಎಂಬ ಅಳುಕು. ನೀವೇ ದುಡ್ಡು ಹಾಕಿ ಸರಿಮಾಡಿಸಿದಿರಿ ಎನ್ನಿ, ಅದನ್ನು ಅವರಿಗೆ ಹೇಳಬೇಕೋ ಬೇಡವೋ? ಹೇಳಿದರೆ ದುಡ್ಡು ಕೇಳಿದ ಹಾಗಾಗುತ್ತದೆ. ಹೇಳದಿದ್ದರೆ, ಮುಂದೊಂದು ದಿನ ಮದುವೆ ಮನೆಯ ಪಂಕ್ತಿಯಲ್ಲಿ, "ಅವರಿಗೇನಪ್ಪಾ, ಬಿಟ್ಟಿ ಮನೆ" ಎಂಬ ಮಾತು ಕಿವಿಗೆ ಬಿದ್ದಾಗ ಹೊಟ್ಟೆ ಉರಿಯುತ್ತದೆ.

ನಲ್ಲಿಯದು ಸಣ್ಣ ಮಾತು. ಮಾಡು ಸೋರಿದರೆ, ಗೋಡೆ ಬಿರುಕು ಬಿಟ್ಟರೆ, ಪಾಯಖಾನೆಯ ಗುಂಡಿ ತುಂಬಿದರೆ ಹೊಣೆ ಯಾರದು? ಇವತ್ತಿನ ಮಾತು ಇದರ ಬಗ್ಗೆ. ವಕೀಲಿ ವೃತ್ತಿಯಲ್ಲಿ ಇದ್ದವನು ನಾನು. ಅಣ್ಣತಮ್ಮಂದಿರ ದಾವೆಗಳ ಬುಡ ಹುಡುಕುತ್ತ ಹೋದಾಗ ಎಷ್ಟೋ ಸಲ ಸಿಕ್ಕಿದ್ದು ಆಸ್ತಿಯ ಆಸೆಗಿಂತ ಹೆಚ್ಚಾಗಿ ಇಂಥದೊಂದು ಸೋರುವ ಜಾಗ.

ಮೊದಲು ಕಾನೂನಿನದನ್ನು ಮುಗಿಸಿಬಿಡೋಣ. ಬಾಡಿಗೆ ಇದ್ದಲ್ಲಿ ದಾರಿ ಸ್ಪಷ್ಟ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮು ಇದನ್ನೇ ಹೇಳುತ್ತದೆ: ಮಾಡಿಕೊಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಲೀಕ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು, ತಾನು ಬಂದಾಗ ಮನೆ ಹೇಗಿತ್ತೋ, ಸಹಜವಾದ ಸವೆತ ಬಿಟ್ಟು, ಹಾಗೆಯೇ ಇಟ್ಟುಕೊಳ್ಳಬೇಕು. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಂತೂ ಪಟ್ಟಿಯನ್ನೇ ಕೊಟ್ಟಿದೆ. ಕಟ್ಟಡದ ಮೂಲ ರಚನೆಯ ರಿಪೇರಿ, ಗೋಡೆಯ ಸುಣ್ಣಬಣ್ಣ, ಪೈಪು ಬದಲಿಸುವುದು, ವೈರಿಂಗು ಇವೆಲ್ಲ ಮಾಲೀಕರ ಪಾಲು. ನಲ್ಲಿಯ ವಾಷರು, ಚರಂಡಿ ಶುಚಿ, ಗೀಸರು, ಸ್ವಿಚ್ಚು, ಬಾಗಿಲ ಬೀಗ, ಕಿಟಕಿಯ ಗಾಜು, ಸೊಳ್ಳೆ ಪರದೆ ಬಾಡಿಗೆದಾರರ ಪಾಲು. ಇದು ಬರೀ ಮಾದರಿ, ರಾಜ್ಯಗಳು ತಮ್ಮದೆಂದು ಮಾಡಿಕೊಂಡರೆ ಮಾತ್ರ ಜಾರಿ. ಆದರೂ ಪಟ್ಟಿ ಒಳ್ಳೆಯದು. ಗೋಡೆಗೆ ಅಂಟಿಸಿಟ್ಟುಕೊಳ್ಳುವಂಥದ್ದು.

ಬಾಡಿಗೆ ಇಲ್ಲದ ಕಡೆ ಇದು ಯಾವುದೂ ಲಾಗೂ ಆಗುವುದಿಲ್ಲ. ಮಾಲೀಕರ ಒಪ್ಪಿಗೆಯ ಮೇಲೆ ಸುಮ್ಮನೆ ಇರುವವರನ್ನು ಕಾನೂನು ಬಾಡಿಗೆದಾರ ಅನ್ನುವುದಿಲ್ಲ, ಲೈಸೆನ್ಸಿ ಅನ್ನುತ್ತದೆ. ಅದರ ವಿವರ 1882ರದೇ ಇನ್ನೊಂದು ಕಾಯಿದೆಯಲ್ಲಿದೆ, ಈಸ್‌ಮೆಂಟ್ ಕಾಯಿದೆ. ಮನೆ ಕೊಟ್ಟವರು ರಿಪೇರಿ ಮಾಡಿಸಿಕೊಡಲೇಬೇಕೆಂದು ಅದರಲ್ಲಿ ಎಲ್ಲೂ ಇಲ್ಲ. ಆದರೆ 57ನೇ ಕಲಮಿನಲ್ಲಿ ಒಂದು ಮಾತಿದೆ, ಬಹಳ ಜನಕ್ಕೆ ಗೊತ್ತಿಲ್ಲದ್ದು. ಇರುವವರ ಜೀವಕ್ಕೋ ವಸ್ತುವಿಗೋ ಅಪಾಯ ತರಬಹುದಾದ ಕೊರತೆ ಮನೆಯಲ್ಲಿದ್ದು, ಅದು ಕೊಟ್ಟವರಿಗೆ ಗೊತ್ತಿದ್ದು ಇರುವವರಿಗೆ ಗೊತ್ತಿಲ್ಲದಿದ್ದರೆ, ಅದನ್ನು ಹೇಳಲೇಬೇಕು. ಬಚ್ಚಲಿನ ಸ್ವಿಚ್ಚು ಶಾಕ್ ಹೊಡೆಯುತ್ತದೆ, ಹಿತ್ತಿಲ ಬಾವಿಯ ಕಟ್ಟೆ ಸಡಿಲವಾಗಿದೆ, ಅಟ್ಟದ ತೊಲೆಗೆ ಗೆದ್ದಲು ಹಿಡಿದಿದೆ ಎಂಬುದು ತಿಳಿದೂ ಬೀಗದ ಕೈ ಕೊಟ್ಟು ಸುಮ್ಮನಾದರೆ, ಬಾಡಿಗೆ ತೆಗೆದುಕೊಳ್ಳಲಿಲ್ಲ ಎಂಬುದು ಉತ್ತರವಾಗುವುದಿಲ್ಲ. ದುಡ್ಡಿನ ಬಗ್ಗೆ ಅಷ್ಟು ಮೌನವಾಗಿರುವ ಕಾಯಿದೆ ಬಾಯಿಬಿಟ್ಟು ಹೇಳುವುದನ್ನು ಮಾತ್ರ ಕಡ್ಡಾಯ ಮಾಡಿದೆ.

ಈಗ ಮಲೆನಾಡಿನ ಹೆಂಚಿನ ಮನೆಯೊಂದಕ್ಕೆ ಹೋಗೋಣ. ಈ ವಿಷಯ ಅಲ್ಲಿ ಕಾಣುವಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣುವುದಿಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಹುಲ್ಲು, ಸೋಗೆ ಹೊದಿಸುತ್ತಿದ್ದ ಮನೆಗಳಿಗೆ ಕ್ರಮೇಣ ಮಂಗಳೂರು ಹೆಂಚು ಬಂತು. ಹೆಂಚೇನೋ ಗಟ್ಟಿ, ತಲೆಮಾರುಗಟ್ಟಲೆ ಬಾಳುತ್ತದೆ. ಆದರೆ ಹೆಂಚಿನ ಮಾಡು ಒಮ್ಮೆ ಹಾಕಿಸಿ ಮರೆಯುವ ಸಾಮಾನಲ್ಲ. ಪ್ರತಿ ವರ್ಷ ಮಿರ್ಗದ ಮಳೆ ಹಿಡಿಯುವ ಮೊದಲು ಯಾರಾದರೂ ಮೇಲೆ ಹತ್ತಿ ಹೆಂಚು ಕೈಯಾಡಿಸಬೇಕು. ಸರಿದದ್ದನ್ನು ಕೂರಿಸಬೇಕು, ಒಡೆದದ್ದನ್ನು ಬದಲಿಸಬೇಕು, ಎರಡು ಮಾಡು ಕೂಡುವಲ್ಲಿರುವ ತಗಡಿನ ದೋಣಿಯಿಂದ ತರಗೆಲೆ ಬಾಚಿ ತೆಗೆಯಬೇಕು. ಮಂಗಗಳ ಹಿಂಡು ಒಂದು ಸಲ ಮೇಲೆ ಓಡಾಡಿ ಹೋದರಂತೂ ಮಳೆಗಾಲದ ನಡುವೆಯೂ ಏಣಿ ತೆಗೆಯಬೇಕು.

ಸೋರುವುದು ಹೇಗೆ ಶುರುವಾಗುತ್ತದೆ ನೋಡಿ. ಒಂದು ಹೆಂಚಿನ ಮೂಲೆ ಚಕ್ಕೆ ಎದ್ದಿರುತ್ತದೆ. ನೀರು ಅದರ ನೇರ ಕೆಳಗೆ ಬೀಳುವುದಿಲ್ಲ. ರೀಪಿನ ಮೇಲೆ ನಿಂತು, ಪಕಾಸಿಗೆ ಇಳಿದು, ಅದರ ಅಡಿಯಲ್ಲೇ ಜಾರಿಕೊಂಡು ಹೋಗಿ ಎಲ್ಲೋ ಗೋಡೆಯ ತಲೆಗೆ ಸೇರುತ್ತದೆ. ಕೆಳಗೆ ಮಲಗಿದವರಿಗೆ ಒಂದು ಹನಿಯೂ ಕಾಣುವುದಿಲ್ಲ. ಮೊದಲ ಮಳೆಗಾಲಕ್ಕೆ ಸುಣ್ಣದ ಮೇಲೆ ಒಂದು ಕಂದು ಕಲೆ. ಎರಡನೆಯದಕ್ಕೆ ಆ ಕಲೆಯ ಸುತ್ತ ಸುಣ್ಣ ಉಬ್ಬಿ ಪುಡಿಯಾಗುತ್ತದೆ. ತೇವ ಇದ್ದಲ್ಲಿಗೆ ಗೆದ್ದಲು ಬರುತ್ತದೆ, ಗೋಡೆಗುಂಟ ಬೆರಳಗಲದ ಮಣ್ಣಿನ ದಾರಿ ಕಟ್ಟಿಕೊಂಡು ಮರಕ್ಕೆ ಏರುತ್ತದೆ. ಮೂರನೆಯ ವರ್ಷ ಮೇಲೆ ಹತ್ತಿ ಪಕಾಸಿನ ತುದಿಗೆ ಉಗುರು ಒತ್ತಿದರೆ ಒಳಗೆ ಹೊಟ್ಟು. ಮೊದಲ ವರ್ಷ ಬೇಕಾಗಿದ್ದದ್ದು ನಾಲ್ಕಾರು ಹೆಂಚು, ಒಬ್ಬ ಆಳಿನ ಅರ್ಧ ದಿನದ ಕೂಲಿ. ಮೂರನೆಯ ವರ್ಷ ಬಡಗಿ ಬೇಕು, ಗಾರೆ ಮೇಸ್ತ್ರಿ ಬೇಕು, ಮರ ಬೇಕು. ಮಣ್ಣಿನ ಗೋಡೆಯಾದರೆ ಅರ್ಧ ಗೋಡೆಯನ್ನೇ ಇಳಿಸಿ ಕಟ್ಟಬೇಕು.

ನನಗೆ ಗೊತ್ತಿದ್ದ ಒಂದು ಕುಟುಂಬದಲ್ಲಿ ಇದು ಹೀಗೆಯೇ ನಡೆಯಿತು. ಮನೆ ಅಣ್ಣನ ಹೆಸರಿನಲ್ಲಿ, ಅವನು ಬೆಂಗಳೂರಿನಲ್ಲಿ. ಊರಿನ ಮನೆಯಲ್ಲಿ ತಂಗಿ, ಭಾವ, ಅವರ ಮಕ್ಕಳು. ಭಾವನ ವ್ಯಾಪಾರ ಕೈಕೊಟ್ಟಿತ್ತು, "ಮನೆ ಖಾಲಿಯೇ ಇದೆ, ಬಂದು ಇರಿ" ಎಂದು ಅಣ್ಣನೇ ಕರೆದಿದ್ದ. ಪ್ರತಿ ಭಾನುವಾರ ಫೋನು.

"ಮಳೆ ಹ್ಯಾಂಗಿದೆ?"

"ಜೋರು, ಅಣ್ಣಯ್ಯ."

"ತೋಟಕ್ಕೆ ಔಷಧಿ ಹೊಡೆಸಿ ಆಯ್ತಾ?"

"ಒಂದು ಸಲದ್ದು ಆಯ್ತು."

ಮಾಡಿನ ಮಾತು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕೇಳಿದರೆ, 'ಇದ್ದೀರಲ್ಲ, ಇಷ್ಟಾದರೂ ನೋಡಿಕೊಳ್ಳಬಾರದೆ' ಎಂದು ಆಡಿದ ಹಾಗಾಗುತ್ತದೆ ಎಂದು ಅವನ ಸಂಕೋಚ. ಹೇಳಿದರೆ, ಬಿಟ್ಟಿ ಇದ್ದುಕೊಂಡು ಮೇಲಿಂದ ದುಡ್ಡು ಬೇರೆ ಕೇಳುತ್ತಿದ್ದಾಳೆ ಎಂದು ಅತ್ತಿಗೆ ಅಂದುಕೊಂಡಾರು ಎಂದು ಇವಳ ಸಂಕೋಚ. ಕಲೆ ಕಂಡಲ್ಲಿ ಬಕೀಟು ಇಟ್ಟರು, ಆಮೇಲೆ ಒಂದು ನೀಲಿ ಪ್ಲಾಸ್ಟಿಕ್ ಹೊದಿಸಿದರು. ಮರುವರ್ಷದ ಆಷಾಢದಲ್ಲಿ ಅಡಿಗೆಮನೆಯ ಹಿಂಗೋಡೆ ರಾತ್ರಿ ಕುಸಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅಣ್ಣ ಬಂದವನು, "ನೀವಿದ್ದೂ ಹೀಗಾಯಿತಲ್ಲ" ಅಂದ. ತಂಗಿ, "ನಿನ್ನ ಮನೆ, ನಾನು ಹ್ಯಾಗೆ ಬಾಯಿ ಹಾಕಲಿ" ಅಂದಳು. ಇಬ್ಬರ ಮಾತೂ ನಿಜ, ಎರಡೂ ತಡವಾಗಿ ಬಂದ ಮಾತು.

ನಾನು ಇವತ್ತು ಹೇಳಬೇಕೆಂದು ಬಂದದ್ದು ಇಷ್ಟೇ: ಬಾಡಿಗೆ ಕೊಡದೆ ಇರುವವರು ಮೊದಲು ಸಲ್ಲಿಸಬೇಕಾದದ್ದು ಸುದ್ದಿ, ದುಡ್ಡಿನ ಮಾತು ಆಮೇಲೆ. ಕಲೆ ಕಂಡ ದಿನವೇ ಹೇಳುವುದು ಅವರ ಕೆಲಸ. ಕೇಳಿದ ಮೇಲೆ ಏನು ಮಾಡಬೇಕೆಂದು ತೀರ್ಮಾನಿಸುವುದು ಮನೆಯ ಒಡೆಯರ ಕೆಲಸ. ಹೇಳಿಯೂ ಅವರು ಮಾಡಿಸದಿದ್ದರೆ ಗೋಡೆ ಬಿದ್ದ ಪಾಪ ಇರುವವರ ತಲೆಗೆ ಬರುವುದಿಲ್ಲ. ಹೇಳದೆ ಬಿಟ್ಟಿದ್ದರೆ, ಒಂದು ಪೈಸೆ ಖರ್ಚು ಮಾಡುವ ಹೊಣೆ ಇಲ್ಲದಿದ್ದರೂ, ಬಂದೇ ಬರುತ್ತದೆ.

ಹೊರಗಿನ ನಾಡುಗಳಲ್ಲೂ ಇದನ್ನು ಯೋಚಿಸಿದ್ದಾರೆ. ಬಾಡಿಗೆ ಇಲ್ಲದೆ ಬಳಸಲು ಕೊಡುವ ವ್ಯವಹಾರಕ್ಕೆ ಪ್ರಾಚೀನ ರೋಮಿನ ಕಾನೂನಿನಲ್ಲೇ ಪ್ರತ್ಯೇಕ ಸ್ಥಾನವಿತ್ತು. ಅಲ್ಲಿಂದ ಬಂದದ್ದು 1804ರ ಫ್ರಾನ್ಸಿನ ಸಿವಿಲ್ ಸಂಹಿತೆಯಲ್ಲಿದೆ. ಬಳಸುವುದಕ್ಕಾಗಿ ಮಾಡಿದ ಖರ್ಚನ್ನು ಪಡೆದವನು ವಾಪಸು ಕೇಳುವಂತಿಲ್ಲ. ಆದರೆ ವಸ್ತುವನ್ನು ಉಳಿಸಲು ಅಸಾಧಾರಣ ಖರ್ಚು ಬಿದ್ದು, ಅದು ಕೊಟ್ಟವನಿಗೆ ತಿಳಿಸಲೂ ವೇಳೆಯಿಲ್ಲದಷ್ಟು ತುರ್ತಾಗಿದ್ದರೆ ಆ ಹಣವನ್ನು ಕೊಟ್ಟವನು ತುಂಬಿಕೊಡಬೇಕು. ಗಮನಿಸಿ, ಅಲ್ಲಿಯೂ ಎಲ್ಲ ನಿಂತಿರುವುದು ತಿಳಿಸಲು ವೇಳೆ ಇತ್ತೇ ಇಲ್ಲವೇ ಎಂಬುದರ ಮೇಲೆ. ಆ ಕಾಲಕ್ಕೆ ಕುದುರೆ ಸವಾರ ಕಾಗದ ಒಯ್ಯಬೇಕಿತ್ತು. ನಮ್ಮ ಕೈಯಲ್ಲಿ ಫೋಟೊ ತೆಗೆಯುವ ಫೋನಿದೆ, ಆದರೂ ನಾವು ಬಕೀಟು ಇಡುತ್ತೇವೆ.

ಒಡೆಯರ ಕಡೆಯವರಿಗೂ ಒಂದು ಮಾತು. 'ಬಿಟ್ಟಿ ಇದ್ದಾರೆ' ಎನ್ನುವುದು ಅರ್ಧ ಸತ್ಯ. ಬೀಗ ಹಾಕಿದ ಮನೆ ಎಷ್ಟು ಬೇಗ ಹಾಳಾಗುತ್ತದೆ ಎಂದು ಊರ ಕಡೆ ಒಂದು ಸುತ್ತು ಬಂದರೆ ಗೊತ್ತಾಗುತ್ತದೆ. ಬಾವಲಿ, ಇಲಿ, ಗೆದ್ದಲು ಒಂದು ಕಡೆ. ಕಿಟಕಿ ಬಾಗಿಲು ಕೀಳುವವರು ಇನ್ನೊಂದು ಕಡೆ. ಹಿಂದೆ ಒಲೆಯ ಹೊಗೆ ಮಾಡಿನ ಮರಕ್ಕೆಲ್ಲ ಹಿಡಿದು ಹುಳುವಿಗೆ ತಡೆಯಾಗುತ್ತಿತ್ತು. ಗ್ಯಾಸು ಬಂದ ಮೇಲೆ ಆ ಕಾವಲೂ ಹೋಯಿತು. ಮನೆಯಲ್ಲಿ ಒಂದು ಸಂಸಾರ ಇದ್ದು, ದಿನಾ ಕಸ ಗುಡಿಸಿ, ಕಿಟಕಿ ತೆಗೆದು ಹಾಕಿ, ಸಂಜೆ ದೀಪ ಹಚ್ಚುವುದಕ್ಕೆ ಒಂದು ಬೆಲೆಯಿದೆ. ಅದನ್ನು ಸಂಬಳ ಕೊಟ್ಟು ಮಾಡಿಸಿ ನೋಡಿ, ತಿಳಿಯುತ್ತದೆ. ಆದ್ದರಿಂದ ಉಪಕಾರ ಒಂದೇ ಕಡೆಯಿಂದ ಹರಿಯುತ್ತಿದೆ ಎಂದು ಇಬ್ಬರೂ ನಂಬುವುದು ತಪ್ಪು. ವರ್ಷಕ್ಕೊಮ್ಮೆ, ಏಪ್ರಿಲ್ಲಿನಲ್ಲಿ, "ಮಾಡಿಗೆ ಕೈಯಾಡಿಸಬೇಕಲ್ಲ, ಎಷ್ಟಾಗಬಹುದು?" ಎಂದು ಒಡೆಯರೇ ಕೇಳಿದರೆ ಆ ಕಡೆಯವರ ಎದೆಯ ಭಾರ ಎಷ್ಟೋ ಇಳಿಯುತ್ತದೆ.

ಪೇಟೆಯ ಆರ್‌ಸಿಸಿ ಮನೆಯಲ್ಲಿ ಹೆಂಚಿಲ್ಲ, ಆದರೆ ಸೋರಿಕೆಯ ಕತೆ ಬೇರೆಯಲ್ಲ. ತಾರಸಿಯ ಮೂಲೆಯ ಪೈಪಿಗೆ ಎಲೆ, ಪ್ಲಾಸ್ಟಿಕ್ಕು ಕಟ್ಟಿಕೊಂಡು ನೀರು ನಿಲ್ಲುತ್ತದೆ. ಕೂದಲೆಳೆಯ ಬಿರುಕಿನಿಂದ ಅದು ಒಳಗಿನ ಕಬ್ಬಿಣಕ್ಕೆ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ, ಆ ಒಡಕಿನಿಂದ ಇನ್ನಷ್ಟು ನೀರು. ಕೊನೆಗೆ ಒಂದು ದಿನ ಹಾಸಿಗೆಯ ಮೇಲೆ ಸೂರಿನ ಚಕ್ಕೆ ಬೀಳುತ್ತದೆ. ಇಲ್ಲಿ ಹೊಣೆ ಹಂಚುವುದು ಸುಲಭ. ಪೈಪಿನ ಬಾಯಿಂದ ಎಲೆ ತೆಗೆಯುವುದು ಇರುವವರ ಕೆಲಸ, ಅದಕ್ಕೆ ದುಡ್ಡು ಬೇಡ, ಒಂದು ಪೊರಕೆ ಸಾಕು. ತಾರಸಿಗೆ ನೀರು ಇಳಿಯದಂತೆ ಮಾಡಿಸುವುದು ಒಡೆಯರ ಖರ್ಚು. ವಿಮೆ ಇದೆಯಲ್ಲ ಎಂದು ಕೆಲವರು ಅನ್ನುತ್ತಾರೆ. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ನೆರೆ, ಬಿರುಗಾಳಿಯಂಥ ಅನಾಹುತಕ್ಕೆ ಆಗುತ್ತದೆ. ವರ್ಷಗಟ್ಟಲೆ ಸವೆದು ಸೋರಿದ್ದಕ್ಕೆ ಆಗುವುದಿಲ್ಲ.

ಒಟ್ಟಾರೆ ಹಂಚಿಕೆಗೆ ನಾನು ಕೇಳಿದವರಿಗೆ ಹೇಳುವುದು ಹೀಗೆ. ಕೈ ತಾಗಿ ಸವೆಯುವುದು ಇರುವವರದು. ಮಳೆ, ಬಿಸಿಲು, ವಯಸ್ಸು ತಾಗಿ ಸವೆಯುವುದು ಒಡೆಯರದು. ನಲ್ಲಿ, ಸ್ವಿಚ್ಚು, ಚಿಲಕ, ಬಚ್ಚಲು ಕಟ್ಟಿಕೊಂಡದ್ದು ಮೊದಲನೆಯ ಲೆಕ್ಕಕ್ಕೆ. ಮಾಡು, ಗೋಡೆ, ಪಾಯ, ಗೋಡೆಯೊಳಗಿನ ಪೈಪು ಮತ್ತು ವೈರು ಎರಡನೆಯದಕ್ಕೆ. ಕರೆಂಟು, ನೀರಿನ ಬಿಲ್ಲು ಬಳಸಿದವರದು, ಮನೆ ಕಂದಾಯ ಖಾತೆ ಯಾರ ಹೆಸರಿನಲ್ಲಿದೆಯೋ ಅವರದು. ಅಪಾರ್ಟ್‌ಮೆಂಟಾದರೆ ತಿಂಗಳ ಮೇಂಟೆನನ್ಸು ಇರುವವರು ಕಟ್ಟಲಿ. ಕಟ್ಟಡಕ್ಕೆ ಹೊರ ಬಣ್ಣ, ಲಿಫ್ಟು ಬದಲಿಸಲು ಎಂದು ಸಂಘ ಎತ್ತುವ ದೊಡ್ಡ ವಂತಿಗೆ ಒಡೆಯರು ಕಟ್ಟಲಿ. ನಡುವೆ ಸಿಕ್ಕಿಕೊಳ್ಳುವುದು ನೀರಿನ ಮೋಟಾರು ಮತ್ತು ಒಳಗಿನ ಬಣ್ಣ. ಮೋಟಾರು ಸುಟ್ಟರೆ ಅರ್ಧ ಅರ್ಧ ಎನ್ನುವುದು ನನ್ನ ಅಭಿಪ್ರಾಯ. ಒಳಗಿನ ಬಣ್ಣ ಇರುವವರೇ ಬಳಿಸಲಿ. ಐದಾರು ವರ್ಷ ಬಾಡಿಗೆ ಉಳಿಸಿದವರು ಗೋಡೆಗೆ ಬಣ್ಣ ಬಳಿಸಲು ಬೆಂಗಳೂರಿಗೋ ಅಮೆರಿಕಕ್ಕೋ ಫೋನ್ ಮಾಡುವುದು ಚೆನ್ನಾಗಿ ಕಾಣುವುದಿಲ್ಲ.

ಜೀವಕ್ಕೆ ಕುತ್ತು ತರುವಂಥದ್ದು ಬಂದಾಗ ಮಾತ್ರ ಈ ಹಂಚಿಕೆ ಬದಿಗಿರಲಿ. ಅರ್ಥಿಂಗ್ ಇಲ್ಲದ ಹಳೆಯ ವೈರಿಂಗು, ಸೋರುವ ಗ್ಯಾಸಿನ ಕೊಳವೆ, ಸಡಿಲ ಸಜ್ಜ, ಇವಕ್ಕೆ ಯಾರ ಒಪ್ಪಿಗೆಯನ್ನೂ ಕಾಯಬೇಡಿ. ಮಾಡಿಸಿ, ಅಂದೇ ತಿಳಿಸಿ, ಬಿಲ್ಲು ಇಟ್ಟುಕೊಳ್ಳಿ. ಪಾಯಖಾನೆ ಗುಂಡಿ ತುಂಬಿದರೆ ಹೀರುಯಂತ್ರದ ಗಾಡಿಯನ್ನೇ ಕರೆಸಿ. ಮನುಷ್ಯರನ್ನು ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದು ಮಲ ಹೊರುವ ಕೆಲಸವನ್ನು ನಿಷೇಧಿಸಿದ 2013ರ ಕಾಯಿದೆಯಂತೆ ಅಪರಾಧ. ಮನೆ ಯಾರ ಹೆಸರಿನಲ್ಲಿದ್ದರೂ ಇಳಿಸಿದವರೇ ಸಿಕ್ಕಿಬೀಳುತ್ತಾರೆ.

ಇನ್ನು ಇದರ ಇನ್ನೊಂದು ಮಗ್ಗುಲು. ಹೇಳದೆ ಬಿಡುವವರಂತೆಯೇ ಹೇಳದೆ ಮಾಡಿಸುವವರೂ ಇದ್ದಾರೆ. ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಇದ್ದ ಹುಡುಗನೊಬ್ಬನನ್ನು ಬಲ್ಲೆ. ಚಿಕ್ಕಪ್ಪ ಚಿಕ್ಕಮ್ಮ ವಿದೇಶದಲ್ಲಿ. ಬಾಡಿಗೆ ಇಲ್ಲವಲ್ಲ, ಋಣ ತೀರಿಸಬೇಕು ಎಂದು ಇವನು ರೆಡ್ ಆಕ್ಸೈಡ್ ನೆಲ ಒಡೆಸಿ ಟೈಲ್ಸ್ ಹಾಕಿಸಿದ, ಅಡಿಗೆಮನೆಗೆ ಹೊಸ ಕಪಾಟು ಕೂರಿಸಿದ, ಮೇಲೆ ಒಂದು ಕೋಣೆಯನ್ನೂ ಎಬ್ಬಿಸಿದ. ಎಲ್ಲ ಒಳ್ಳೆಯ ಮನಸ್ಸಿನಿಂದಲೇ. ಚಿಕ್ಕಮ್ಮ ರಜಕ್ಕೆ ಬಂದವರು ಹೊಸಿಲಲ್ಲೇ ನಿಂತರು. ಅದು ಅವರ ಮಾವ ಹಾಕಿಸಿದ ನೆಲ, ಕನ್ನಡಿಯ ಹಾಗೆ ಹೊಳೆಯುತ್ತಿದ್ದದ್ದು. ಹುಡುಗ ಮೆಚ್ಚುಗೆಯ ಮಾತಿಗೆ ಕಾದಿದ್ದ, ಬಂದದ್ದು "ಯಾರನ್ನು ಕೇಳಿ ಒಡೆಸಿದೆ?" ಎಂಬ ಪ್ರಶ್ನೆ. ಅಲ್ಲಿಂದ ಮುಂದೆ ಅವನ ಬಾಯಲ್ಲೂ ಲೆಕ್ಕ ಬಂತು. ಇಷ್ಟು ಲಕ್ಷ ಹಾಕಿದ್ದೇನೆ, ನನಗೂ ಈ ಮನೆಯಲ್ಲಿ ಒಂದು ಹಕ್ಕಿದೆ ಎಂದು.

ಇದೆಯೇ? ಈಸ್‌ಮೆಂಟ್ ಕಾಯಿದೆಯ 60ನೇ ಕಲಮಿನಲ್ಲಿ ಒಂದು ಕಿಂಡಿಯಿದೆ. ಕೊಟ್ಟ ಅನುಮತಿಯನ್ನು ಆಧರಿಸಿ ಖರ್ಚು ಮಾಡಿ ಶಾಶ್ವತ ಸ್ವರೂಪದ ಕೆಲಸ ಮಾಡಿದ್ದರೆ ಆ ಅನುಮತಿಯನ್ನು ಸುಲಭವಾಗಿ ಹಿಂದಕ್ಕೆ ತೆಗೆದುಕೊಳ್ಳಲಾಗದು ಎಂದು. ಕೋರ್ಟಿನ ಮೆಟ್ಟಿಲು ಹತ್ತುವ ನೆಂಟರು ಹೆಚ್ಚಾಗಿ ಈ ಕಿಂಡಿಯಲ್ಲೇ ಕೈ ಹಾಕುತ್ತಾರೆ. ಆದರೆ ಸುಣ್ಣಬಣ್ಣ, ಹೆಂಚು, ಟೈಲ್ಸು ತೋರಿಸಿ ಇದರಲ್ಲಿ ತೂರುವುದು ಕಷ್ಟ, ಯಾರನ್ನೂ ಕೇಳದೆ ಎಬ್ಬಿಸಿದ ಕೋಣೆಯನ್ನು ತೋರಿಸಿಯೂ ಕಷ್ಟವೇ. 2012ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಗೋವಾದ ಒಂದು ಪ್ರಕರಣ ತೀರ್ಮಾನಿಸಿತು. ಮರಿಯಾ ಮಾರ್ಗರಿದಾ ಸಿಕ್ವೇರಾ ಫರ್ನಾಂಡಿಸ್ ಎಂಬ ಸಹೋದರಿ, ಅವರ ಮನೆಯಲ್ಲಿ ಇದ್ದ ಸಹೋದರ. ನೋಡಿಕೊಂಡಿರಲೆಂದು ಬಿಟ್ಟ ಮನೆಯನ್ನು ಸಹೋದರ ಬಿಡಲಿಲ್ಲ. ಕೋರ್ಟು ಹೇಳಿದ್ದು ಖಡಾಖಂಡಿತ: ಬಾಡಿಗೆ ಇಲ್ಲದೆ ಇರಲು ಬಿಟ್ಟವರಿಗೆ, ಎಷ್ಟೇ ವರ್ಷ, ದಶಕಗಟ್ಟಲೆ ಇದ್ದರೂ, ಆ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ. ಹನ್ನೆರಡು ವರ್ಷ ಇದ್ದರೆ ಮನೆ ತಮ್ಮದೇ ಎಂಬ ಹರಟೆಕಟ್ಟೆಯ ಕಾನೂನೂ ಇಲ್ಲಿ ನಡೆಯುವುದಿಲ್ಲ. ಆ ಹನ್ನೆರಡು ವರ್ಷದ ಲೆಕ್ಕ ಇರುವುದು ಒಡೆಯರಿಗೆ ವಿರುದ್ಧವಾಗಿ ನಿಂತವರಿಗೆ. ಒಪ್ಪಿಗೆಯ ಮೇಲೆ ಇರುವವರಿಗಲ್ಲ.

ಅಂದರೆ ದೊಡ್ಡ ಖರ್ಚು ಮಾಡಿದ ನೆಂಟರಿಗೆ ಮನೆಯೂ ಸಿಗುವುದಿಲ್ಲ, ದುಡ್ಡೂ ವಾಪಸಾಗುವುದು ಖಾತ್ರಿಯಿಲ್ಲ, ಸಂಬಂಧವೂ ಉಳಿಯುವುದಿಲ್ಲ. ಉಪಕಾರ ತೀರಿಸುವ ಉಮೇದಿನಲ್ಲಿ ಇರುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಮನೆಯನ್ನು ಇದ್ದ ಹಾಗೆ ಉಳಿಸುವ ಖರ್ಚು ಒಂದು ಜಾತಿ, ತಮಗೆ ಬೇಕಾದ ಹಾಗೆ ಬದಲಿಸುವ ಖರ್ಚು ಇನ್ನೊಂದು ಜಾತಿ. ಎರಡನೆಯದಕ್ಕೆ ಮೊದಲೇ ಒಪ್ಪಿಗೆ ಬೇಕು, ಒಪ್ಪಿಗೆ ಸಿಕ್ಕರೂ ಅದು ಹೋದ ದುಡ್ಡು ಎಂದೇ ತಿಳಿಯಬೇಕು.

ಪಾಲಾಗದ ಹಿರೀಕರ ಮನೆಯ ವಿಷಯ ಬೇರೆ, ಅದನ್ನು ಇದರೊಂದಿಗೆ ಕಲಸಬಾರದು. ಅಲ್ಲಿ ಇರುವವರು ಬಿಟ್ಟಿ ಇಲ್ಲ, ಅವರೂ ಒಡೆಯರೇ. ಅಗತ್ಯದ ರಿಪೇರಿಗೆ ಹಾಕಿದ್ದನ್ನು ವಿಭಾಗದ ಲೆಕ್ಕದಲ್ಲಿ ಕೇಳಬಹುದು, ಬಿಲ್ಲು ಇದ್ದರೆ. ಹಿಂದೆ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೇ ಕಲಮಿನಂತೆ ಗಂಡುಮಕ್ಕಳು ಮನಸ್ಸು ಮಾಡುವ ತನಕ ಹೆಣ್ಣುಮಕ್ಕಳು ವಾಸದ ಮನೆಯ ಪಾಲು ಕೇಳುವಂತಿರಲಿಲ್ಲ. 2005ರಲ್ಲಿ ಆ ಕಲಮನ್ನು ಕಿತ್ತುಹಾಕಿದರು. ಹಕ್ಕಿನ ಜೊತೆಗೆ ಮಾಡಿನ ಖರ್ಚಿನಲ್ಲೂ ಪಾಲು ಬಂದಿದೆ. ಇದನ್ನು ಅಕ್ಕತಂಗಿಯರಿಗೆ ಹೇಳುವ ಅಣ್ಣತಮ್ಮಂದಿರು ಮೊದಲನೆಯದನ್ನೂ ಅಷ್ಟೇ ಜೋರಾಗಿ ಹೇಳಲಿ.

ತಾಯಿತಂದೆಯ ಸ್ವಯಾರ್ಜಿತ ಮನೆಯಲ್ಲಿ ಸಂಸಾರ ಹೂಡಿಕೊಂಡಿರುವ ಗಂಡುಮಕ್ಕಳು ಈ ಮಾತೆಲ್ಲ ತಮಗಲ್ಲ ಎಂದು ಕೇಳುತ್ತಿದ್ದರೆ, ಅವರಿಗೇ ಮೊದಲು. 2016ರಲ್ಲಿ ದೆಹಲಿ ಹೈಕೋರ್ಟು ಸ್ಪಷ್ಟವಾಗಿ ಹೇಳಿತು, ಅಂಥ ಮನೆಯಲ್ಲಿ ಮಗನಿಗೆ ಇರುವ ಹಕ್ಕಿಲ್ಲ, ಅವರು ಇರಗೊಟ್ಟಷ್ಟು ದಿನ ಇರಬಹುದು ಎಂದು. ಪಿಂಚಣಿಯಲ್ಲಿ ಬದುಕುವ ಅಪ್ಪ ತಾರಸಿಗೆ ಗಾರೆ ಹಾಕಿಸಲು ಠೇವಣಿ ಮುರಿಸುವಾಗ ದುಡಿಯುವ ಮಗ ಮೇಲಿನ ಮಹಡಿಯಲ್ಲಿ ಏಸಿ ಕೂರಿಸುವುದನ್ನು ಕಂಡಿದ್ದೇನೆ. ಹಂಚಿಕೆಯ ನಿಯಮ ಇಲ್ಲಿ ತಿರುವುಮುರುವು. ಒಡೆಯರು ವಯಸ್ಸಾದವರು, ಕೈಲಾಗದವರು ಆಗಿದ್ದರೆ ಮಾಡು ಗೋಡೆ ಎಲ್ಲವೂ ಇರುವವರದೇ.

ಕೊನೆಯದಾಗಿ ಕಾಗದ. ನೆಂಟರ ನಡುವೆ ಕಾಗದವೇ ಎಂದು ಮೂಗು ಮುರಿಯಬೇಡಿ. ಛಾಪಾಕಾಗದ ಬೇಕಿಲ್ಲ, ಒಂದು ಹಾಳೆ, ಇಲ್ಲವೇ ವಾಟ್ಸ್‌ಆ್ಯಪ್ಪಿನ ನಾಲ್ಕು ಸಾಲು ಸಾಕು. ಯಾರ ಮನೆ, ಯಾರು ಇರುತ್ತಾರೆ, ಬಾಡಿಗೆ ಇಲ್ಲ, ಬಿಲ್ಲು ಯಾರದು, ಇಂತಿಷ್ಟು ರೂಪಾಯಿಯ ಒಳಗಿನ ರಿಪೇರಿ ಕೇಳದೆ ಮಾಡಿಸಬಹುದು, ಅದಕ್ಕೆ ಮೇಲಾದರೆ ಕೇಳಿ ಮಾಡಿಸಬೇಕು, ಬಿಡಬೇಕಾದಾಗ ಎಷ್ಟು ತಿಂಗಳ ಮುಂಚೆ ಹೇಳಬೇಕು. ಇದನ್ನು ಬರೆಯಲು ಹೇಳುವುದು ಮಾತು ಕೊಟ್ಟವರ ಆಯುಷ್ಯದ ಕಾರಣಕ್ಕೂ ಹೌದು. "ಇರು" ಎಂದ ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಆ ಮಾತು ಗೊತ್ತಿರುವುದಿಲ್ಲ. ಮನೆ ಮಾರಿದರೆ ಕೊಂಡವರು ಹಳೆಯ ಒಪ್ಪಿಗೆಗೆ ಬದ್ಧರಲ್ಲ ಎಂದು ಈಸ್‌ಮೆಂಟ್ ಕಾಯಿದೆಯ 59ನೇ ಕಲಮು ಹೇಳುತ್ತದೆ. ನಿಮ್ಮ ಕೈಯಿಂದ ಮಾಡಿಸಿದ ಮಾಡಿನ ಲೆಕ್ಕವನ್ನು ಅವರ ಮುಂದೆ ಹಿಡಿದರೆ 'ಯಾವ ಮಾಡು?' ಎಂದು ಕೇಳುತ್ತಾರೆ.

ಬಿಟ್ಟು ಹೊರಡುವ ದಿನ ಬಂದಾಗ ಸಾಮಾನು ಸಾಗಿಸಿ ಖಾಲಿ ಮಾಡಲು ಸಾಕಷ್ಟು ಸಮಯ ಕೇಳುವ ಹಕ್ಕು ಕಾನೂನಿನಲ್ಲೇ ಇದೆ, ಕೇಳಿ ಪಡೆಯಿರಿ. ನೀವು ತಂದ ಫ್ಯಾನು, ಗೀಸರು ಬಿಚ್ಚಿಕೊಂಡು ಹೋಗಿ. ಕಿತ್ತರೆ ಗೋಡೆ ಕೆಡುವಂಥದ್ದನ್ನು ಬಿಟ್ಟು ಹೋಗಿ. ಬಿಚ್ಚಿದ ಜಾಗಕ್ಕೆ ಹಳೆಯ ಬಲ್ಬಾದರೂ ಹಾಕಿಡಿ. ಕರೆಂಟು ಬಿಲ್ಲು ಕಟ್ಟಿ, ಮೀಟರಿನ ಫೋಟೊ ತೆಗೆದು, ಮಾಡನ್ನೂ ಗೋಡೆಯನ್ನೂ ಒಡೆಯರಿಗೆ ಒಮ್ಮೆ ಸುತ್ತಾಡಿ ತೋರಿಸಿ, ಎಲ್ಲಿ ಏನಾಗಿದೆ ಎಂದು ಹೇಳಿ ಬೀಗದ ಕೈ ಕೊಡಿ. ಅವರು ಬರಲಾಗದಿದ್ದರೆ ವಿಡಿಯೊ ಮಾಡಿ ಕಳಿಸಿ.